ಮಗುವಿನ ಬೆನ್ನ ಹಿಂದೆ ಊರೂ ಇರಲಿ

ಮೊಬೈಲಿಗೆ ಪೋರ್ಟ್ರೇಟ್ ಮೋಡ್ ಬಂದ ಮೇಲೆ ನಮ್ಮ ಮಕ್ಕಳ ಫೋಟೊಗಳೆಲ್ಲ ಒಂದೇ ಥರ ಕಾಣತೊಡಗಿವೆ. ಮುಖ ಸ್ಪಷ್ಟ, ಹಿಂದಿರುವುದೆಲ್ಲ ಮಸುಕು. ಕಣ್ಣು, ಕೆನ್ನೆ, ನಗು ಎಲ್ಲ ಚೆಂದ. ಆದರೆ ಆ ಫೋಟೊ ದಾವಣಗೆರೆಯ ಪಿ.ಜೆ. ಬಡಾವಣೆಯದೋ ದೆಹಲಿಯದೋ ಯಾರೂ ಹೇಳಲಾರರು. ಇಪ್ಪತ್ತು ವರ್ಷ ಕಳೆದು ಆ ಮಗು ಆಲ್ಬಂ ತೆರೆದಾಗ ಅದಕ್ಕೆ ತನ್ನ ಮುಖವೊಂದೇ ಸಾಕಾಗುವುದಿಲ್ಲ. ನಾವು ಯಾವ ಮನೆಯಲ್ಲಿದ್ದೆವು, ಎದುರಿನ ಅಂಗಡಿ ಹೇಗಿತ್ತು, ಅಜ್ಜಿ ಯಾವ ಕಟ್ಟೆಯ ಮೇಲೆ ಕೂರುತ್ತಿದ್ದಳು, ಶಾಲೆಗೆ ಕರೆದೊಯ್ಯುತ್ತಿದ್ದ ಆಟೊದ ಹಿಂದೆ ಏನು ಬರೆದಿತ್ತು ಎಂದು ಅದು ಹುಡುಕುತ್ತದೆ. ಅದನ್ನೆಲ್ಲ ನಾವೇ ಒಂದು ಗುಂಡಿ ಒತ್ತಿ ಅಳಿಸಿಬಿಟ್ಟಿರುತ್ತೇವೆ.

ಫೋಟೊಗ್ರಫಿ ಕಲಿಯಬೇಕೆಂಬ ಆಸೆಯಿರುವ ಅಪ್ಪ-ಅಮ್ಮಂದಿರು ಮೊದಲು ಕೇಳುವುದು ಯಾವ ಕ್ಯಾಮೆರಾ ತಗೊಳ್ಳಲಿ ಎಂದು. ಕೈಯಲ್ಲಿರುವ ಮೊಬೈಲೇ ಸಾಕು ಎನ್ನುತ್ತೇನೆ. ಮಗುವನ್ನೂ ಊರನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಲು ಹೊರಡಿ. ಬೆಳಕು, ದೂರ, ಷಟರ್, ಎಕ್ಸ್‌ಪೋಷರ್ ಇವೆಲ್ಲ ಆ ಒಂದು ಹಟದ ಹಿಂದೆಯೇ ಕಲಿತುಬರುತ್ತವೆ.

ಊರು ಎಲ್ಲಿಗೆ ಓಡಿಹೋಗುತ್ತದೆ ಎಂದು ಕೇಳಬಹುದು. ನಮ್ಮ ಜಿಲ್ಲೆಯವರಂತೂ ಹಾಗೆ ಕೇಳಬಾರದು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳ ಸೈರನ್ನಿಗೆ ಮನೆಮನೆಯ ಗಡಿಯಾರ ಹೊಂದಿಕೊಂಡಿದ್ದ ಕಾಲವಿತ್ತು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳಿಗೆ ದೇಶದ ತುಂಬ ಹೆಸರು. ಈ ಶತಮಾನದ ಮೊದಲ ವರ್ಷಗಳಲ್ಲೇ ಅದು ಬಾಗಿಲು ಹಾಕಿತು. ಅಂಥ ಕಡೆ ದುಡಿದವರ ಮಕ್ಕಳು ಇವತ್ತು ಮನೆಯ ಟ್ರಂಕ್ ತೆಗೆದು ಹುಡುಕುವುದು ಗೇಟಿನ ಮುಂದೆ ಸೈಕಲ್ ಹಿಡಿದು ನಿಂತ ಅಪ್ಪನನ್ನು, ಕ್ವಾರ್ಟರ್ಸಿನ ಅಂಗಳದಲ್ಲಿ ಆಡುತ್ತಿದ್ದ ತಮ್ಮನ್ನು. ತೆಗೆದವರು ಮುಖಕ್ಕೆಂದೇ ತೆಗೆದಿರುತ್ತಾರೆ. ನೋಡುವವರ ಕಣ್ಣು ಮಾತ್ರ ಗೇಟಿನ ಮೇಲಿರುತ್ತದೆ.

ಹಿಂದೆ ಸ್ಟುಡಿಯೋಗಳಲ್ಲಿ ಊರಿನ ಬದಲಿಗೆ ಬಣ್ಣದ ಪರದೆ ಇರುತ್ತಿತ್ತು: ಉದ್ಯಾನ, ಕಂಬ, ಹಂಸವಿರುವ ಕೊಳ. ಆದರೂ ಆ ಸ್ಟುಡಿಯೋದವರಿಗೆ ಇದ್ದ ಒಂದು ಜಾಣ್ಮೆಯನ್ನು ನೆನೆಯಲೇಬೇಕು. ಹೆಣ್ಣುಮಗುವಿಗೆ ಮೊಗ್ಗಿನ ಜಡೆ ಹಾಕಿಸಿ ಕರೆತಂದರೆ ಮುಖವೂ ಬೇಕು, ಬೆನ್ನ ಮೇಲಿನ ಜಡೆಯೂ ಬೇಕು. ಹಿಂದೆ ಒಂದು ನಿಲುವುಗನ್ನಡಿ ಇಟ್ಟು, ಮಗುವನ್ನು ಕೊಂಚ ಓರೆಯಾಗಿ ಕೂರಿಸಿ, ಕನ್ನಡಿಯಲ್ಲಿ ಜಡೆ ಬೀಳುವಂತೆ, ಆದರೆ ಕ್ಯಾಮೆರಾ ಕಾಣದಂತೆ ಕೋನ ಹೊಂದಿಸುತ್ತಿದ್ದರು. ಮಲ್ಲಿಗೆ ಮೊಗ್ಗು ಹೆಣೆಯಲು ಅತ್ತೆಯೋ ಚಿಕ್ಕಮ್ಮನೋ ಗಂಟೆಗಟ್ಟಲೆ ಕೂತಿರುತ್ತಿದ್ದರು. ಆ ಕೈಕೆಲಸವೂ ಫೋಟೊದಲ್ಲಿ ಉಳಿಯಬೇಕೆಂಬ ಕಾಳಜಿ ಅದು. ಮಗುವಿನ ಜೊತೆಗೆ ಇನ್ನೇನು ಉಳಿಯಬೇಕು ಎಂದು ಅವರು ಕ್ಲಿಕ್ಕಿಸುವ ಮೊದಲೇ ಕೇಳಿಕೊಳ್ಳುತ್ತಿದ್ದರು. ನಾವೂ ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ.

ಮಕ್ಕಳ ಫೋಟೊ ತೆಗೆಯುವವರಿಗೆ ಕನ್ನಡ ನಾಡಿನಲ್ಲೇ ಒಬ್ಬ ಗುರು ಇದ್ದಾರೆ, ಮೈಸೂರಿನ ಟಿ.ಎಸ್. ಸತ್ಯನ್ (1923–2009). 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಸಂದರ್ಭದಲ್ಲಿ, ಅವರು ತೆಗೆದ ಮಕ್ಕಳ ಚಿತ್ರಗಳನ್ನು ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿತ್ತು. ಅವರ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಕೂತರೆ ತಿಳಿಯುವ ಮೊದಲ ಸಂಗತಿ, ಆ ಮಕ್ಕಳು ತಮ್ಮ ಪಾಡಿಗೆ ಏನೋ ಮಾಡುತ್ತಿರುತ್ತಾರೆ. ಓದು, ಆಟ, ಜಗಳ, ಕೆಲಸ. ಸುತ್ತಲ ಬೀದಿ, ಗೋಡೆ, ಜನ ಎಲ್ಲ ತಮ್ಮ ತಮ್ಮ ಜಾಗದಲ್ಲಿರುತ್ತವೆ. ‘ಇಲ್ನೋಡು, ಇಲ್ನೋಡು, ನಗು’ ಎಂದು ಚಿಟಿಕೆ ಹೊಡೆದು ಕರೆಯುವ ನಮ್ಮ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಕರೆದರೆ ಮಗು ಆಡುತ್ತಿದ್ದದ್ದನ್ನು ಬಿಟ್ಟು ಹಲ್ಲು ತೋರಿಸುತ್ತದೆ. ಎರಡು ನಿಮಿಷ ಸುಮ್ಮನಿದ್ದರೆ ನಾವಿರುವುದನ್ನೇ ಮರೆಯುತ್ತದೆ.

ಈಗ ಕೈಕೆಲಸದ ಮಾತಿಗೆ ಬರೋಣ. ಮೊಬೈಲಿನ ಸೆನ್ಸರ್ ಪುಟ್ಟದು. ಆದ್ದರಿಂದ ಹತ್ತಿರದ ಮಗುವೂ ದೂರದ ಗೋಡೆಯೂ ಸಹಜವಾಗಿ ಒಟ್ಟಿಗೇ ಸ್ಪಷ್ಟವಾಗಿ ಬರುತ್ತವೆ. ಪೋರ್ಟ್ರೇಟ್ ಮೋಡ್ ಮಾಡುವುದು ಲೆಕ್ಕಾಚಾರದಿಂದ ಹಿಂಭಾಗವನ್ನು ಮಸುಕು ಮಾಡುವ ಕೆಲಸ. ಕೆದರಿದ ಕೂದಲು, ಕನ್ನಡಕದ ಅಂಚು, ಕೈಯಲ್ಲಿ ಹಿಡಿದ ಗಾಳಿಪಟದ ದಾರ ಎಷ್ಟೋ ಸಲ ಅದರ ಕತ್ತರಿಗೆ ಸಿಕ್ಕಿ ಮಾಯವಾಗುತ್ತವೆ. ಆ ಮೋಡನ್ನು ಆಫ್ ಮಾಡಿಡಿ. ಲೆನ್ಸ್ ಬದಲಿಸುವ ಕ್ಯಾಮೆರಾ ಇದ್ದವರು ಅಪರ್ಚರನ್ನು ಎಫ್ 5.6 ಅಥವಾ ಎಫ್ 8ಕ್ಕೆ ಇಟ್ಟು, 35 ಮಿಲಿಮೀಟರ್ ಆಸುಪಾಸಿನ ಲೆನ್ಸಿನಲ್ಲಿ ತೆಗೆಯಲಿ.

ಮುಖಕ್ಕೆ ತೀರ ಹತ್ತಿರ ಹೋಗುವುದು ಇನ್ನೊಂದು ರೂಢಿ. ಮೊಬೈಲಿನ ಮುಖ್ಯ ಲೆನ್ಸ್ ಅಗಲ ನೋಟದ್ದು. ಗೇಣು ದೂರದಿಂದ ತೆಗೆದರೆ ಮೂಗು ದಪ್ಪ, ಕಿವಿ ಸಣ್ಣ. ನಾಲ್ಕೈದು ಹೆಜ್ಜೆ ಹಿಂದೆ ಸರಿದು ‘2ಎಕ್ಸ್’ ಒತ್ತಿದರೆ ಮುಖದ ಅಳತೆ ಸರಿಹೋಗುತ್ತದೆ, ಹಿಂದಿನ ಗೋಪುರವೋ ಗಾಡಿಯೋ ಮಗುವಿನ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಕೂತುಕೊಳ್ಳಿ. ನಿಂತು ತೆಗೆದರೆ ಮಗುವಿನ ನೆತ್ತಿ ಮತ್ತು ನೆಲ ಸಿಗುತ್ತದೆ. ಕುಕ್ಕರಗಾಲಲ್ಲಿ ಕೂತರೆ ಅದರ ಕಣ್ಣೂ ಅದರ ಹಿಂದಿನ ಬೀದಿಯೂ ಸಿಗುತ್ತವೆ. ಇದೊಂದನ್ನು ಈ ವಾರವೇ ರೂಢಿಸಿಕೊಂಡರೂ ನಿಮ್ಮ ಫೋಟೊಗಳ ಸ್ವರೂಪವೇ ಬದಲಾಗುತ್ತದೆ.

ಬೆಳಕಿನ ವಿಷಯದಲ್ಲಿ ಹೊರದೇಶದ ಪುಸ್ತಕ, ವಿಡಿಯೊಗಳನ್ನು ಹಾಗೆಯೇ ನಂಬಲಾಗದು. ಅಲ್ಲಿ ಹೇಳುವ ಸಂಜೆಯ ಹೊಂಬೆಳಕು ಯುರೋಪಿನಲ್ಲಿ ಗಂಟೆಗಟ್ಟಲೆ ಉಳಿಯಬಹುದು. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಮ್ಮ ಸೂರ್ಯ ನೆಟ್ಟಗೆ ಏರುತ್ತಾನೆ, ನೆಟ್ಟಗೆ ಇಳಿಯುತ್ತಾನೆ. ಹುಟ್ಟಿದ ಮುಕ್ಕಾಲು ಗಂಟೆಯೊಳಗೆ ಮೆದುಬಿಸಿಲು ಮುಗಿದಿರುತ್ತದೆ. ಏಪ್ರಿಲ್ ಕೊನೆಯ ವಾರದಲ್ಲೂ ಆಗಸ್ಟ್ ನಡುವಿನಲ್ಲೂ ನಡುಹಗಲಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ನೆರಳು ಕಾಲಡಿಗೆ ಸೇರಿಬಿಡುತ್ತದೆ. ಆ ಹೊತ್ತಿನಲ್ಲಿ ಬಯಲಲ್ಲಿ ನಿಂತ ಮಗುವಿನ ಹುಬ್ಬಿನ ಕೆಳಗೆ, ಮೂಗಿನ ಕೆಳಗೆ ಕಪ್ಪು ನೆರಳು, ಮೇಲೆ ಕಣ್ಣು ಕಿವುಚಿದ ಮುಖ. ಬೇಸಿಗೆ ರಜೆಯ ಫೋಟೊಗಳು ಕೆಡುವುದು ಇಲ್ಲಿಯೇ.

ಉಪಾಯ ನಮ್ಮ ಮನೆಗಳಲ್ಲೇ ಇದೆ. ಹೊಸ್ತಿಲು ಅಥವಾ ಜಗುಲಿಯ ಅಂಚು, ಮೇಲೆ ಸೂರು, ಎದುರಿಗೆ ಬಿಸಿಲು ಬಿದ್ದ ಬೀದಿ. ಎದುರು ಮನೆಯ ಬಿಳಿ ಗೋಡೆಗೆ ಬಡಿದ ಬಿಸಿಲು ಮೆತ್ತಗಾಗಿ ಮಗುವಿನ ಮುಖಕ್ಕೆ ಬರುತ್ತದೆ. ಮಗುವನ್ನು ನೆರಳಿನ ಅಂಚಿನಲ್ಲಿ, ಬೀದಿಗೆ ಮುಖ ಮಾಡಿ ಕೂರಿಸಿ, ನೀವು ಬೀದಿಯಲ್ಲಿ ನಿಲ್ಲಿ. ಹಿಂದಿನ ಬಾಗಿಲು, ತೋರಣ, ಒಳಗೆ ಓಡಾಡುವ ಅಜ್ಜ ಎಲ್ಲ ಮಬ್ಬಾಗಿಯಾದರೂ ಚೌಕಟ್ಟಿನೊಳಗೆ ಇರುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೂ ಇದು ನಡೆಯುತ್ತದೆ.

ಬೆಣ್ಣೆದೋಸೆ ಹೋಟೆಲಿಗೆ ಹೋದಾಗಲೂ ಸ್ವಲ್ಪ ಬುದ್ಧಿ ಓಡಿಸಬೇಕು. ಸೌದೆ ಒಲೆಯ ಮೇಲಿನ ಕಾವಲಿಯಿಂದ ಏಳುವ ಆವಿ ಕಣ್ಣಿಗೆ ಚೆಂದ, ಫೋಟೊದಲ್ಲಿ ಮಾತ್ರ ಕಾಣುವುದಿಲ್ಲ. ಆವಿಯ ಹಿಂದಿನಿಂದ ಬೆಳಕು ಬರಬೇಕು, ಅದರ ಬೆನ್ನಿಗೆ ಕಪ್ಪು ಗೋಡೆಯಿರಬೇಕು. ಆಗ ಅದು ಎದ್ದು ಕಾಣುತ್ತದೆ. ಹಾಗಾಗಿ ಕಿಟಕಿಗೆ ಬೆನ್ನು ಮಾಡಿ ಕೂರುವ ಬದಲು ಕಿಟಕಿ ಪಕ್ಕದ ಬೆಂಚು ಹಿಡಿಯಿರಿ, ಬೆಳಕು ಮಗುವಿನ ಒಂದು ಕೆನ್ನೆಗೆ ಬೀಳಲಿ. ತಟ್ಟೆ ಬಂದ ಕೂಡಲೇ ತೆಗೆಯಬೇಕು. ಬೆಣ್ಣೆ ಮುದ್ದೆ ಕರಗಿದ ಮೇಲೆ ತೆಗೆದರೆ ದೋಸೆ ಇರುತ್ತದೆ, ದಾವಣಗೆರೆ ಇರುವುದಿಲ್ಲ.

ಎಕ್ಸ್‌ಪೋಷರ್ ಎಂದರೇನು ಎಂದು ನಿಜವಾಗಿ ಕಲಿಯಬೇಕಾದರೆ ಮಂಡಕ್ಕಿ ಭಟ್ಟಿಗೆ ಹೋಗಬೇಕು. ಇದಕ್ಕಿಂತ ಒಳ್ಳೆಯ ಪಾಠಶಾಲೆ ಈ ಊರಿನಲ್ಲಿ ನನಗೆ ಕಂಡಿಲ್ಲ. ಹೊಗೆ ಹಿಡಿದು ಕಪ್ಪಾದ ಗೋಡೆ, ಸಂದಿಯಿಂದ ಇಳಿಯುವ ಒಂದು ಕೋಲು ಬಿಸಿಲು, ಕೆಂಪು ಬೆಂಕಿ, ಅದರ ನಡುವೆ ಅಪ್ಪಟ ಬಿಳಿಯ ಮಂಡಕ್ಕಿ ರಾಶಿ. ಉಪ್ಪುನೀರು ಉಂಡ ಅಕ್ಕಿಯನ್ನು ಕಾದ ಉಸುಕಿಗೆ ಸುರಿದು ಕೈಯಾಡಿಸಿದರೆ ಕೆಲವೇ ಕ್ಷಣಗಳಲ್ಲಿ ಚಟಪಟ ಅರಳಿ ಬಾಣಲೆ ತುಂಬುತ್ತದೆ. ಜರಡಿಗೆ ಹಾಕಿ ಆಡಿಸಿದರೆ ಉಸುಕು ಕೆಳಗೆ, ಮಂಡಕ್ಕಿ ಮೇಲೆ. ನಾನು ಮಗನನ್ನು ಕರೆದುಕೊಂಡು ಹೋದಾಗ ಭಟ್ಟಿಯವರು ಮೊದಲು ಹೇಳಿದ ಮಾತು, ‘ತಮ್ಮಾ, ಅಲ್ಲೇ ನಿಂದ್ರು, ಮುಂದ ಬರಬ್ಯಾಡ. ಉಸುಕು ಸಿಡಿತೈತಿ.’ ಅವನು ಬಾಗಿಲ ಬಳಿಯೇ ನಿಂತ. ಮುಖದ ಅರ್ಧಕ್ಕೆ ಹೊರಗಿನ ಬೆಳಕು, ಉಳಿದರ್ಧಕ್ಕೆ ಒಲೆಯ ಕೆಂಪು.

ಇಂಥ ಕಡೆ ಕ್ಯಾಮೆರಾ ಎಡವುತ್ತದೆ. ಅದರೊಳಗಿನ ಅಳತೆ ಎದುರಿಗಿರುವುದೆಲ್ಲ ಸರಾಸರಿಯಲ್ಲಿ ನಡುಬೂದು ಬಣ್ಣದ್ದೆಂದು ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಕಪ್ಪು ಗೋಡೆಯೇ ಇದ್ದರೆ, ಬೆಳಕು ಸಾಲದೆಂದು ಬಗೆದು ಇನ್ನಷ್ಟು ಬೆಳಕು ಒಳಗೆ ಬಿಡುತ್ತದೆ. ಗೋಡೆ ಪೇಲವ ಬೂದಿಯಾಗುತ್ತದೆ, ಮಂಡಕ್ಕಿಯ ರಾಶಿ ಒಂದೊಂದು ಕಾಳೂ ಅಳಿಸಿಹೋದ ಬಿಳಿ ಹಾಳೆಯಾಗುತ್ತದೆ, ಬೆಂಕಿಯ ಕೆಂಪು ಸತ್ತುಹೋಗುತ್ತದೆ. ಮೊಬೈಲಿನ ಪರದೆಯಲ್ಲಿ ಮಗುವಿನ ಮುಖವನ್ನು ಬೆರಳಿನಿಂದ ಒತ್ತಿ ಹಿಡಿಯಿರಿ, ಫೋಕಸ್ ಅಲ್ಲೇ ಬಿಗಿಯುತ್ತದೆ. ಪಕ್ಕದಲ್ಲಿ ಪುಟ್ಟ ಸೂರ್ಯನ ಗುರುತು ಬರುತ್ತದೆ, ಅದನ್ನು ಕೆಳಗೆ ಎಳೆಯಿರಿ. ಗೋಡೆ ತನ್ನ ಕಪ್ಪಿಗೆ ಮರಳುವವರೆಗೆ, ಮಂಡಕ್ಕಿಯ ಕಾಳು ಕಾಳಾಗಿ ಕಾಣುವವರೆಗೆ ಎಳೆಯಿರಿ. ಕ್ಯಾಮೆರಾದಲ್ಲಾದರೆ ಎಕ್ಸ್‌ಪೋಷರ್ ಕಾಂಪನ್ಸೇಷನ್ ಮೈನಸ್ 1ರಿಂದ ಶುರುಮಾಡಿ. ಬಿಳಿ ಸಮವಸ್ತ್ರದ ಶಾಲೆಯ ಪರೇಡಿಗೆ ಇದು ತಿರುವುಮುರುವು: ಅಲ್ಲಿ ಕ್ಯಾಮೆರಾ ಬಿಳಿಯನ್ನು ಬೂದಿ ಮಾಡುತ್ತದೆ, ಸೂರ್ಯನನ್ನು ಮೇಲಕ್ಕೆ ಎಳೆಯಬೇಕು. ಈ ಎರಡು ಸಂದರ್ಭಗಳನ್ನು ಅರಗಿಸಿಕೊಂಡವರಿಗೆ ಎಕ್ಸ್‌ಪೋಷರಿನ ಮುಕ್ಕಾಲು ಪಾಲು ಬಂದಂತೆಯೇ.

ಒಂದು ಮಾತು. ಭಟ್ಟಿಯಲ್ಲಿ ದುಡಿಯುವವರು ನಮ್ಮ ಫೋಟೊದ ಅಲಂಕಾರಕ್ಕೆ ಇರುವವರಲ್ಲ. ಹೊಗೆಯಲ್ಲಿ, ಝಳದಲ್ಲಿ ಹೊತ್ತು ಹುಟ್ಟುವ ಮುಂಚಿನಿಂದ ಮೈಮುರಿಯುವ ಜನ. ಕೇಳಿ ತೆಗೆಯಿರಿ, ಬೇಡವೆಂದರೆ ಮೊಬೈಲು ಜೇಬಿಗೆ ಹಾಕಿ, ಮುಂದಿನ ಸಲ ಹೋಗುವಾಗ ಪ್ರಿಂಟ್ ತೆಗೆದುಕೊಂಡು ಹೋಗಿ ಕೊಡಿ. ಇದನ್ನು ಮಗು ಪಕ್ಕದಲ್ಲಿ ನಿಂತು ನೋಡುತ್ತಿರುತ್ತದೆ ಎಂಬುದೂ ನೆನಪಿರಲಿ.

ದಾವಣಗೆರೆಯಿಂದ ಹರಿಹರ 14 ಕಿಲೋಮೀಟರ್. ಭಾನುವಾರ ಬೆಳಗ್ಗೆ ಬೇಗ ಹೊರಟರೆ ಹರಿಹರೇಶ್ವರನ ಗುಡಿಯಲ್ಲಿ ಓರೆ ಬಿಸಿಲು ಇರುವಾಗಲೇ ತಲುಪಬಹುದು. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ ಇದು. ಒಳಗಿರುವ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಫೋಟೊಗ್ರಫಿಯ ಮಟ್ಟಿಗೆ ಇಲ್ಲಿನ ಐಶ್ವರ್ಯವೆಂದರೆ ತೆರೆದ ಮಂಟಪದ ಕಂಬಗಳು. ಬಳಪದ ಕಲ್ಲನ್ನು ತಿರುಗಿಸುತ್ತ ಕಡೆದು ನುಣುಪು ಮಾಡಿದ ಕಂಬಗಳು ಅವು, ಒಂದರ ಮೇಲೊಂದು ಬಳೆ ಜೋಡಿಸಿದಂಥ ಗೆರೆಗಳು. ಕಲ್ಲನ್ನು ತಿರುಗಿಸಿ ಕಡೆದವರ ಊರಿನಲ್ಲೇ ಏಳು ಶತಮಾನ ಕಳೆದು ಲೇತ್ ಕಾರ್ಖಾನೆ ಬಂತು ಎನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ. ಮಕ್ಕಳಿಗೆ ಹೇಳಿದರೆ ಅವರೂ ಕಂಬಗಳನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ, ಬೆರಳಿಟ್ಟು ಗೆರೆ ಎಣಿಸುತ್ತಾರೆ. ನಿಮಗೆ ಬೇಕಾದ ಫೋಟೊ ಆಗ ಅಲ್ಲಿದೆ.

ಈ ಗೆರೆಗಳು ಫೋಟೊದಲ್ಲಿ ಮೂಡಬೇಕಾದರೆ ಬೆಳಕು ಕಂಬವನ್ನು ಪಕ್ಕದಿಂದ ಸವರಿಕೊಂಡು ಹೋಗಬೇಕು. ಎದುರಿನಿಂದ ಬಿದ್ದರೆ, ಅಥವಾ ಫ್ಲ್ಯಾಷ್ ಹೊಡೆದರೆ, ಉಬ್ಬುತಗ್ಗು ಸಮತಟ್ಟಾಗುತ್ತದೆ. ಮಂಟಪದ ಸುತ್ತ ಒರಗಿ ಕೂರಲು ಕಕ್ಷಾಸನವಿದೆ. ಮಗುವನ್ನು ಅದರ ಒಳಬದಿಗೆ ಬಿಡಿ, ನೀವು ಮಂಟಪದ ಒಳಗೇ ಇನ್ನೊಂದು ಕಂಬದ ಪಕ್ಕ ನಿಲ್ಲಿ. ಹೊರಗಿನ ಬಯಲು ಕಣ್ಣು ಕೋರೈಸುತ್ತಿರುತ್ತದೆ, ಅದನ್ನು ಚೌಕಟ್ಟಿನಲ್ಲಿ ಆದಷ್ಟು ಕಡಿಮೆ ಮಾಡಿ. ಕಪ್ಪು ಕಲ್ಲು ಎಂದರೆ ಮತ್ತೆ ಭಟ್ಟಿಯ ಪಾಠ, ಎಕ್ಸ್‌ಪೋಷರ್ ಇಳಿಸಬೇಕು. ಗರ್ಭಗುಡಿಯತ್ತ ಕ್ಯಾಮೆರಾ ಎತ್ತಬೇಡಿ. ಪುರಾತತ್ವ ಇಲಾಖೆಯ ರಕ್ಷಣೆಯ ಗುಡಿಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕು; ಮಕ್ಕಳ ಹಿಂದೆ ಓಡುವವರಿಗೆ ಅದರ ಅಗತ್ಯವೂ ಬೀಳುವುದಿಲ್ಲ.

ಈ ಗುಡಿಗೆ ಕ್ಯಾಮೆರಾ ಬಂದು ಒಂದೂವರೆ ಶತಮಾನ ದಾಟಿದೆ. 1850ರ ದಶಕದಲ್ಲಿ ಧಾರವಾಡ, ಮೈಸೂರು ಸೀಮೆಗಳ ಗುಡಿಗಳ ಚಿತ್ರ ತೆಗೆದವರಲ್ಲಿ ಬಿಗ್ಸ್ ಎಂಬ ಸೇನಾಧಿಕಾರಿ, ಪಿಗು ಮತ್ತು ನೀಲ್ ಎಂಬ ಇಬ್ಬರು ವೈದ್ಯರು ಇದ್ದರು. ಅವರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥವಾಗಿ ಬಂದವು. ಅದರಲ್ಲಿ ಹರಿಹರವೂ ಇದೆ. ಆಗ ಒಂದು ಚಿತ್ರಕ್ಕೆ ಎಷ್ಟು ಹೊತ್ತು ಬೆಳಕು ಉಣಿಸಬೇಕಿತ್ತೆಂದರೆ ಓಡಾಡುವ ಮನುಷ್ಯರು ಅದರಲ್ಲಿ ದಾಖಲಾಗುತ್ತಲೇ ಇರಲಿಲ್ಲ. ಕಂಬ ಉಳಿಯಿತು, ಕಂಬದ ಸುತ್ತ ಆಡಿದ ಅಂದಿನ ಮಕ್ಕಳು ಉಳಿಯಲಿಲ್ಲ. ನಮ್ಮ ಕೈಯ ಮೊಬೈಲಿಗೆ ಎರಡನ್ನೂ ಉಳಿಸುವ ಶಕ್ತಿಯಿದೆ, ಸೆಕೆಂಡಿನ ಐನೂರನೇ ಒಂದು ಭಾಗದಲ್ಲಿ.

ಆ ಐನೂರನೇ ಒಂದು ಭಾಗ ಎಂಬುದನ್ನು ನೆನಪಿಟ್ಟುಕೊಳ್ಳಿ. ಓಡುವ ಮಗುವನ್ನು ಅಲುಗಾಡದಂತೆ ಹಿಡಿಯಲು ಅಷ್ಟು ವೇಗದ ಷಟರ್ ಬೇಕು, ನೀರು ಎರಚುವಾಗ ಸಾವಿರದ ಒಂದು ಭಾಗ. ಬಿಸಿಲಿದ್ದರೆ ಮೊಬೈಲ್ ತಾನಾಗಿಯೇ ಆ ವೇಗಕ್ಕೆ ಹೋಗುತ್ತದೆ. ಸಂಜೆ ಆರೂವರೆಯ ಮೇಲೆ ಹೋಗುವುದಿಲ್ಲ. ರಾತ್ರಿಯ ನೈಟ್ ಮೋಡ್ ಒಂದರ ಹಿಂದೊಂದು ಹಲವು ಚಿತ್ರ ತೆಗೆದು ಒಂದು ಮಾಡುತ್ತದೆ, ಕಟ್ಟಡಕ್ಕೆ ಅದು ಸೊಗಸು, ಕುಣಿಯುವ ಮಗುವಿಗೆ ಅಲ್ಲ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ರಾತ್ರಿ ಹೋಗುವವರು ನೈಟ್ ಮೋಡ್ ಆಫ್ ಮಾಡಿ, ಬಳೆ ಅಂಗಡಿಯದೋ ಬೆಂಡು-ಬತ್ತಾಸಿನ ಅಂಗಡಿಯದೋ ದೀಪದ ಹತ್ತಿರಕ್ಕೆ ಮಗುವನ್ನು ಕರೆದೊಯ್ಯಿರಿ. ಸಾಮಾನು ಆರಿಸುವಾಗ ಮಗು ಕ್ಷಣಕಾಲ ಅಲುಗಾಡದೆ ನಿಲ್ಲುತ್ತದೆ. ಆ ಕ್ಷಣಕ್ಕೆ ಕಾಯಬೇಕು.

ಹರಿಹರದ ಹೊಳೆದಂಡೆಯಲ್ಲಿ ಸಂಜೆ ತೆಗೆಯುವವರಿಗೆ ಸೂರ್ಯ ಆಚೆ ದಡದ ಕುಮಾರಪಟ್ಟಣದ ಕಡೆಗೆ ಮುಳುಗುತ್ತಾನೆ. ಮಗು ನೀರಿನ ಕಡೆ ನಿಂತರೆ ಕಪ್ಪು ಆಕೃತಿ ಮಾತ್ರ ಸಿಗುತ್ತದೆ. ಬೇಕೆಂದೇ ಹಾಗೆ ತೆಗೆಯುವುದಾದರೆ ಕೈಕಾಲು ಬೇರೆ ಬೇರೆಯಾಗಿ ಕಾಣುವಂತೆ ಓಡುವಾಗ ತೆಗೆಯಿರಿ. ಮುಖ ಬೇಕೆಂದರೆ ನೀವೇ ನೀರಿಗೆ ಬೆನ್ನು ಮಾಡಬೇಕಾಗುತ್ತದೆ. ಮೆಟ್ಟಿಲ ಮೇಲೆ ಪರದೆ ನೋಡುತ್ತ ಹಿಂದಕ್ಕೆ ಹೆಜ್ಜೆ ಇಡುವುದು ಮಾತ್ರ ಬೇಡವೇ ಬೇಡ. ಮಳೆಗಾಲದಲ್ಲಿ ತುಂಗಭದ್ರೆಯ ಸೆಳವು ದಡದಿಂದ ನೋಡಿದರೆ ಗೊತ್ತಾಗುವುದಿಲ್ಲ. ಇಬ್ಬರು ದೊಡ್ಡವರಿರಬೇಕು, ಒಬ್ಬರ ಕಣ್ಣು ಮಗುವಿನ ಮೇಲೆ, ಬರೀ ಮಗುವಿನ ಮೇಲೆ. ನೀರು ಬೇಕು, ಆತಂಕ ಬೇಡ ಎನ್ನುವವರಿಗೆ ಕುಂದವಾಡ ಕೆರೆಯ ಏರಿಯ ಬೆಳಗಿನ ನಡಿಗೆ ಒಳ್ಳೆಯದು.

ತೆಗೆದ ಮೇಲಿನ ಕೆಲಸಕ್ಕೆ ನಾವು ಯಾರೂ ಬೆಲೆ ಕೊಡುತ್ತಿಲ್ಲ. ಒಂದು ಹುಟ್ಟುಹಬ್ಬಕ್ಕೆ ನೂರಾರು ಫೋಟೊ ತೆಗೆದು ಎಲ್ಲವನ್ನೂ ಹಾಗೇ ಬಿಡುವುದು ಒಂದನ್ನೂ ಉಳಿಸದಿರುವುದಕ್ಕೆ ಸಮ. ಮೂವತ್ತಾರು ಚಿತ್ರಗಳ ರೀಲು ಇದ್ದ ಕಾಲದಲ್ಲಿ ಎಣಿಸಿ ತೆಗೆಯುತ್ತಿದ್ದೆವು; ಈಗ ಎಣಿಸಿ ಉಳಿಸಬೇಕು. ತಿಂಗಳಿಗೊಮ್ಮೆ ಕೂತು ಬೇಡದ್ದನ್ನು ತೆಗೆದುಹಾಕಿ, ಹತ್ತನ್ನು ಆರಿಸಿ ಪ್ರಿಂಟ್ ಹಾಕಿಸಿ. ಆರಿಸುವಾಗ ಮಗು ಚೆಂದ ಕಂಡದ್ದಕ್ಕಿಂತ ಏನೋ ನಡೆಯುತ್ತಿರುವ ಫೋಟೊಕ್ಕೆ ಮೊದಲ ಮಣೆ ಕೊಡಿ. ಪ್ರಿಂಟಿನ ಬೆನ್ನಿಗೆ ಬಾಲ್‌ಪೆನ್ ಒತ್ತಿ ಬರೆದರೆ ಮುಂದೆ ಗೀರು ಮೂಡುತ್ತದೆ, ಆಲ್ಬಮ್ಮಿನ ಹಾಳೆಯಲ್ಲೇ ಪಕ್ಕಕ್ಕೆ ತಾರೀಖು, ಜಾಗ, ಜೊತೆಗಿದ್ದವರ ಹೆಸರು ಬರೆಯಿರಿ.

ವಾಟ್ಸ್ಆ್ಯಪ್ ಸ್ಟೇಟಸ್, ಇನ್‌ಸ್ಟಾಗ್ರಾಂ ಬೇರೆಯೇ ಲೋಕ. ಊರು ಇರಲಿ ಎಂದು ಇಷ್ಟು ಹೊತ್ತು ಹೇಳಿದ ನಾನೇ ಹೇಳುತ್ತಿದ್ದೇನೆ: ಆಲ್ಬಮ್ಮಿನಲ್ಲಿ ಊರು ಇರಲಿ, ಅಪರಿಚಿತರು ನೋಡುವ ಕಡೆ ಮಗುವಿನ ಶಾಲೆಯ ಬೋರ್ಡು, ಮನೆಯ ನಂಬರು, ದಿನವೂ ಹೋಗುವ ದಾರಿ ಕಾಣಬಾರದು. ಫೋಟೊದೊಳಗೆ ಅಡಗಿರುವ ಸ್ಥಳದ ಮಾಹಿತಿಯನ್ನೂ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಆಫ್ ಮಾಡಬಹುದು. ಸ್ನಾನದ, ಅಳುವಿನ ಫೋಟೊಗಳನ್ನು ಯಾರಿಗೂ ಕಳಿಸಬೇಡಿ. ಎಂಟು ವರ್ಷದ ಮಗುವಿಗೆ ‘ಇದು ಬೇಡಮ್ಮಾ’ ಎನ್ನುವ ಹಕ್ಕಿದೆ, ಅದು ಹಾಗೆಂದರೆ ಅಲ್ಲಿಗೆ ಮುಗಿಯಿತು.

ಇನ್ನೊಂದು ಉಳಿದಿದೆ. ಮನೆಯಲ್ಲಿ ಫೋಟೊ ತೆಗೆಯುವವರು ಯಾರೋ ಅವರೇ ಆಲ್ಬಮ್ಮಿನಲ್ಲಿ ಇರುವುದಿಲ್ಲ. ಬಹಳ ಮನೆಗಳಲ್ಲಿ ಅದು ಅಮ್ಮ. ಮಗುವಿನ ಐದು ವರ್ಷದ ಫೋಟೊಗಳನ್ನು ಹರಡಿದರೆ ಅಮ್ಮನ ಬೆರಳು, ಅಮ್ಮನ ನೆರಳು ಸಿಗುತ್ತದೆ, ಅಮ್ಮ ಸಿಗುವುದಿಲ್ಲ. ಹಾಗಾಗಿ ಫೋಕಸ್, ಎಕ್ಸ್‌ಪೋಷರ್ ಬಿಗಿದು ಮೊಬೈಲನ್ನು ಯಜಮಾನರ ಕೈಗೆ, ಅಣ್ಣನ ಕೈಗೆ, ಕೊನೆಗೆ ಮಗುವಿನ ಕೈಗೂ ಕೊಡಿ. ಮಗು ತೆಗೆದ ಫೋಟೊಗಳಲ್ಲಿ ಬೆಂಚಿನ ಅಡಿ, ಅಜ್ಜಿಯ ಮೊಣಕಾಲು, ಸಪ್ಲೈಯರ್ ಹಿಡಿದ ತಟ್ಟೆಯ ತಳ, ಕೆಳಗಿನಿಂದ ಕಂಡ ನಮ್ಮ ಗದ್ದ ಇರುತ್ತವೆ. ಮೂರಡಿ ಎತ್ತರದಿಂದ ಈ ಊರು ಹೀಗೆ ಕಾಣುತ್ತದೆ ಎಂಬ ದಾಖಲೆ ಅದು, ದೊಡ್ಡವರ ಕೈಯಿಂದ ತೆಗೆಯಲು ಬಾರದ್ದು. ಅವನ್ನು ನೇರ ಮಾಡಲು, ಕತ್ತರಿಸಲು ಹೋಗದೆ ಹಾಗೇ ಪ್ರಿಂಟ್ ಹಾಕಿಸಿ, ಪಕ್ಕದಲ್ಲಿ ತೆಗೆದವರ ಹೆಸರೆಂದು ಮಗುವಿನ ಕೈಯಿಂದಲೇ ಬರೆಸಿ.